ಗಂಜಿ ಹಾಕಿದ ಪ್ಯಾಂಟು

ಪ್ಯಾಂಟು ಹಾಕಿಕೊಳ್ಳುವುದರಲ್ಲಿ ಅಂಥ ವಿದ್ಯೆ ಏನಿದೆ? ಎರಡು ಕಾಲು, ಎರಡು ಕೊಳವೆ. ಒಂದರಲ್ಲಿ ಒಂದು ತೂರಿಸಿದರೆ ಮುಗಿಯಿತು. ಹೊಲಿಗೆಯೇ ಇಲ್ಲದ ಆರು ಗಜದ ಬಟ್ಟೆಯನ್ನು ಒಂದು ಸೇಫ್ಟಿ ಪಿನ್ ನಂಬಿಕೊಂಡು ಉಟ್ಟವಳು ನಾನು. ಅದೇ ಸೀರೆಯಲ್ಲಿ ಸಿಟಿ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನೇತಾಡಿದ್ದೇನೆ, ಕಂಕುಳಲ್ಲಿ ಮಕ್ಕಳನ್ನು ಹೊತ್ತಿದ್ದೇನೆ, ಮದುವೆ ಮನೆಗಳಲ್ಲಿ ಪಂಕ್ತಿಗೆ ಪಂಕ್ತಿ ಬಡಿಸಿದ್ದೇನೆ. ಯಾರೋ ಪಾಪ ಕಷ್ಟಪಟ್ಟು ಹೊಲಿದು, ಗುಂಡಿ ಹಾಕಿ, ಜಿಪ್ ಕೂಡ ಇಟ್ಟು ಕೊಟ್ಟ ಬಟ್ಟೆ ನನಗೆ ಯಾವ ಲೆಕ್ಕ! ಹೀಗೆಂದುಕೊಂಡೇ, ಎಪ್ಪತ್ತು ದಾಟಿದ ಮೇಲೆ, ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ, ನಾನು ಪ್ಯಾಂಟು ಧರಿಸುವ ತೀರ್ಮಾನ ಕೈಗೊಂಡೆ.

ಇದಕ್ಕೆಲ್ಲ ಕಾರಣ ವಿಮಲ. ಕಾನ್ವೆಂಟಿನಲ್ಲಿ ನನ್ನ ಕ್ಲಾಸ್‌ಮೇಟ್. ಆಗ ನೆಟ್‌ಬಾಲ್ ಟೀಮಿಗೆ ಕ್ಯಾಪ್ಟನ್, ಈಗ ಮಲ್ಲೇಶ್ವರಂನಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಗಿನ ವಾಕ್ ಮಾಡುವ ಹೆಂಗಸರಿಗೆಲ್ಲ ಕ್ಯಾಪ್ಟನ್. ಕೊರಳಲ್ಲಿ ಸದಾ ಒಂದು ವಿಷಲ್. ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ಮಿನಿ ಬಸ್ಸಿನಲ್ಲಿ ತುಂಬಿಕೊಂಡು ಯಾವುದಾದರೂ ಬೆಟ್ಟಕ್ಕೆ ಕರೆದೊಯ್ಯುತ್ತಾಳೆ. ಹಿಂದೊಮ್ಮೆ ಗುಂಪಿನ ಒಬ್ಬರು ತಮ್ಮ ನೆರಿಗೆಯನ್ನೇ ತುಳಿದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಂದಿನಿಂದ ರೂಲ್ ಬಂತು: ಸೀರೆ ಉಟ್ಟವರು ಬೆಟ್ಟ ಹತ್ತುವಂತಿಲ್ಲ. ಮಿಕ್ಕವರೆಲ್ಲ ಮಾರನೆಯ ವರ್ಷದಿಂದಲೇ ಚೂಡಿದಾರಕ್ಕೋ ಟ್ರ್ಯಾಕ್ ಪ್ಯಾಂಟಿಗೋ ಬಡ್ತಿ ಪಡೆದರು. ಸೀರೆಯವಳಾಗಿ ಉಳಿದದ್ದು ನಾನೊಬ್ಬಳೇ. ಪ್ರತಿ ವರ್ಷ ನಾನು ಬಸ್ಸಿನಲ್ಲಿ ಕೂತು ಎಲ್ಲರ ಬ್ಯಾಗು, ಎಲ್ಲರ ಪುಳಿಯೋಗರೆ ಡಬ್ಬಿಗಳನ್ನು ಕಾಯುತ್ತಿದ್ದೆ. ಅವರು ಕೆಂಪು ಮುಖ ಮಾಡಿಕೊಂಡು ಇಳಿದು ಬಂದು, "ಏನ್ ವ್ಯೂ ಕಣೇ ರಾಜಿ! ನೀನು ನೋಡ್ಬೇಕಿತ್ತು!" ಎನ್ನುತ್ತಿದ್ದರು. "ಪುಳಿಯೋಗರೆ ಸೇಫಾಗಿದೆ" ಎಂದು ನಾನು ವರದಿ ಒಪ್ಪಿಸುತ್ತಿದ್ದೆ.

ಈ ಹುದ್ದೆ ನನಗೆ ಹೊಸದೇನೂ ಅಲ್ಲ. ಸ್ಕೂಲಿನಿಂದ ಶಿವಗಂಗೆಗೆ ಎಕ್ಸ್‌ಕರ್ಷನ್ ಹೋದಾಗ ಸಿಸ್ಟರ್ ನನ್ನ ಕೆನ್ನೆ ತಟ್ಟಿ, "ರಾಜಲಕ್ಷ್ಮಿ ಈಸ್ ಸಚ್ ಎ ರಿಲಯಬಲ್ ಗರ್ಲ್" ಎಂದು ಹೇಳಿ, ಇಡೀ ಕ್ಲಾಸಿನ ಕಾರ್ಡಿಗನ್‌ಗಳನ್ನು ನನ್ನ ತೊಡೆಯ ಮೇಲೆ ಪೇರಿಸಿ, ಉಳಿದವರನ್ನು ಮೇಲೆ ಕರೆದುಕೊಂಡು ಹೋಗಿದ್ದರು. ಎಷ್ಟು ಬೆಚ್ಚಗಿತ್ತು! ಎಷ್ಟು ಅಳು ಬಂದಿತ್ತು!

ಈ ಸಲ ವಿಮಲ ಗೊತ್ತುಮಾಡಿದ್ದು ಅದೇ ಶಿವಗಂಗೆ. ಮೊಣಕಾಲಿನ ಡಾಕ್ಟರನ್ನು ಕೇಳಿದೆ. "ಈ ವರ್ಷ ಹತ್ತಿ ಮೇಡಂ. ಮುಂದಿನ ವರ್ಷದ ಮಾತು ನಾನು ಕೊಡಲ್ಲ" ಎಂದರು. ಅಲ್ಲಿಗೆ ತೀರ್ಮಾನವಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ, ಯಾವ ಲಗೇಜನ್ನೂ ಕಾಯದೆ, ನಾನು ಒಂದು ಬೆಟ್ಟದ ತುದಿಯಲ್ಲಿ ನಿಲ್ಲಬೇಕು!

ಚೂಡಿದಾರ್ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಚೂಡಿದಾರ್ ಎಲ್ಲರೂ ಹಾಕುತ್ತಾರೆ. ಬೆಟ್ಟದ ಮೇಲಿನ ಫೋಟೋಗಳಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವ ವಿಮಲ ಹಾಕುವುದು ಆರು ಜೇಬಿನ ಔಟ್‌ಡೋರ್ ಪ್ಯಾಂಟು. ನನಗೂ ಅದೇ ಆಗಬೇಕು.

"ರೀ, ನಾನೊಂದು ಪ್ಯಾಂಟ್ ತಗೋತೀನಿ" ಎಂದೆ.

ಬ್ಯಾಂಕಿನಿಂದ ರಿಟೈರ್ ಆದ ಮೇಲೆ ದಿನಪೂರ್ತಿ ಪೇಪರಿನೊಳಗೇ ವಾಸವಾಗಿರುವ ನನ್ನ ಯಜಮಾನರು, "ಯಾರಿಗೆ?" ಎಂದರು.

"ನನಗೆ."

ಪೇಪರು ನಿಧಾನವಾಗಿ ಕೆಳಗಿಳಿಯಿತು. "ಯಾರ ಮನೇಲಾದ್ರೂ ಫ್ಯಾನ್ಸಿ ಡ್ರೆಸ್ ಇದೆಯೇನೇ?"

ಮರುದಿನವೇ ಸಂಪಿಗೆ ರಸ್ತೆಗೆ ಹೋದೆ. ಔಟ್‌ಡೋರ್ ಬಟ್ಟೆಗಳ ಅಂಗಡಿಯ ಹುಡುಗಿ ನಗುನಗುತ್ತ ಬಂದಳು.

"ಹೇಳಿ ಆಂಟಿ, ಮೊಮ್ಮಗಳಿಗಾ?"

"ಯಾಕಮ್ಮ, ನನಗೆ ಕಾಲಿಲ್ವಾ?"

ಅವಳು ಟೇಪು ತಂದು ಅಳೆದಳು. ಸೊಂಟ ಮೂವತ್ತಾರು. ಸೀರೆಯಲ್ಲಿ ಇಂಥ ಗುಟ್ಟುಗಳೆಲ್ಲ ಬಯಲಾಗುವುದಿಲ್ಲ. ಅದರ ಅಳತೆ ದಿನದಿನದ ಊಟದ ಮೇಲೆ ತಾನೇ ಹೊಂದಿಕೊಳ್ಳುತ್ತದೆ. ಮೂವತ್ತಾರರ ಆಲಿವ್ ಗ್ರೀನ್ ಪ್ಯಾಂಟು ಟ್ರಯಲ್ ರೂಮಿನಲ್ಲಿ ನನಗೆ ಅಚ್ಚುಕಟ್ಟಾಗಿ ಕೂತಿತು. ಕನ್ನಡಿಯೊಳಗೆ ಬೇರೆ ಯಾರೋ ಇದ್ದಳು. ಅವಳು ಯಾರ ಕಾರ್ಡಿಗನ್ನನ್ನೂ ಹಿಡಿಯುವವಳಂತೆ ಕಾಣಲಿಲ್ಲ!

ಆದರೆ ಅಷ್ಟು ಸರಿಯಾಗಿ ಕೂತದ್ದೇ ನನಗೆ ಅನುಮಾನ ಹುಟ್ಟಿಸಿತು. ಇವತ್ತು ಸರಿಯಾಗಿ ಕೂತ ಕಾಟನ್ ಬಟ್ಟೆ ಒಗೆದ ಮೇಲೆ ಮನೆಯ ಮಕ್ಕಳ ಪಾಲು. ನಮ್ಮಮ್ಮ ಯೂನಿಫಾರಂ ಹೊಲಿಸುವಾಗ ನನ್ನ ಅಳತೆ ಕೊಟ್ಟದ್ದೇ ಇಲ್ಲ. ಮುಂದೆ ನಾನು ಏನಾಗಬಹುದು ಎಂದು ಊಹಿಸಿ ಆ ಅಳತೆ ಕೊಡುತ್ತಿದ್ದಳು.

"ಇದು ಕಾಟನ್ ತಾನೇ?" ಎಂದೆ.

"ಹಂಡ್ರೆಡ್ ಪರ್ಸೆಂಟ್, ಆಂಟಿ. ಆದ್ರೆ ಪ್ರೀ-ಶ್ರಂಕ್. ಇನ್ನು ಕುಗ್ಗಲ್ಲ. ಬೆಟ್ಟ ಗುಡ್ಡ ಏನೇ ಹತ್ತಿ, ಐದು ವರ್ಷ ಏನೂ ಆಗಲ್ಲ."

"ಕಾಟನ್ ಅಂದ್ಮೇಲೆ ಕುಗ್ಗಲೇಬೇಕು. ನಲವತ್ತು ಕೊಡು."

"ಬಿದ್ದೋಗುತ್ತೆ ಆಂಟಿ!"

"ಒಗೆದ ಮೇಲೆ ನೋಡ್ತಿರು" ಎಂದು, ಎರಡು ತಲೆಮಾರಿನ ಅನುಭವವನ್ನು ಕವರಿನಲ್ಲಿ ಹಾಕಿಸಿಕೊಂಡು ಬಂದೆ.

ಹೊಸ ಬಟ್ಟೆಯ ಮೂಲೆಗೆ ಅರಿಶಿನ-ಕುಂಕುಮ ಹಚ್ಚದೆ ಮೈಮೇಲೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಸೀರೆಗಾದರೆ ಸೆರಗಿನ ಅಂಚು. ಶರಟಿಗಾದರೆ ಕಾಲರಿನ ಒಳಗೆ. ಪ್ಯಾಂಟಿಗೆ ಮೂಲೆ ಯಾವುದು? ದೇವರ ಮುಂದೆ ಅದನ್ನು ಹರಡಿಕೊಂಡು ಬಹಳ ಹೊತ್ತು ಯೋಚಿಸಿದೆ.

"ಜಿಪ್ ಹತ್ರ ಹಚ್ಚು" ಎಂದರು ಯಜಮಾನರು.

"ಥೂ, ಏನ್ರೀ ನೀವು! ದೇವರ ಮುಂದೆ!"

ಕೊನೆಗೆ ಹಿಂದಿನ ಬಲಗಡೆ ಜೇಬಿನ ಮೂಲೆಯನ್ನು ಆರಿಸಿದೆ. ಮೊದಲ ಪ್ಯಾಂಟಲ್ಲವೇ ಎಂದು ಅರಿಶಿನವನ್ನು ಚೆನ್ನಾಗಿ ಕಲಸಿ, ಧಾರಾಳವಾಗಿಯೇ ಹಚ್ಚಿದೆ. ಆಮೇಲೆ ಸೋಪು ಹಾಕಿ ಒಗೆದೆ. ಅರಿಶಿನಕ್ಕೆ ಸೋಪು ತಗಲಿದರೆ ಕೆಂಪಾಗುತ್ತದೆ ಎಂಬುದು ಕೆಮಿಸ್ಟ್ರಿಯಲ್ಲಿ ಡಿಸ್ಟಿಂಕ್ಷನ್ ಪಡೆದವಳಿಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಜೇಬಿನ ಮೇಲೆ ಅಂಗೈಯಗಲದ ಕೆಂಪು ಮಚ್ಚೆ ಅರಳಿತು. ಅದು ಹೋಗಲಿ, ಪ್ಯಾಂಟು ಕುಗ್ಗಿತೇ? ಒಂದು ನೂಲೂ ಕುಗ್ಗಲಿಲ್ಲ! ಹಾಕಿಕೊಂಡು ನಿಂತೆ. ಕೈ ಬಿಟ್ಟೆ. ಪ್ಯಾಂಟು ನೆಲಕ್ಕೆ ಹೋಯಿತು, ನಾನು ಅಲ್ಲೇ ಉಳಿದೆ.

ಯಜಮಾನರು ಸೊಂಟದ ಅಳತೆ ನೋಡಿ, "ಇದ್ರಲ್ಲಿ ನಾನೂ ಬರಬಹುದು. ಒಬ್ಬೊಬ್ಬರಿಗೆ ಒಂದೊಂದು ಕಾಲು" ಎಂದರು.

ಅರಿಶಿನ ಹಚ್ಚಿ ಒಗೆದ ಬಟ್ಟೆಯನ್ನು ಯಾವ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ? ಹಾಗಾಗಿ ಪ್ಯಾಂಟನ್ನು ಕುಗ್ಗಿಸುವುದೊಂದೇ ದಾರಿ. ಒಳಗಿನ ಲೇಬಲ್ಲನ್ನು ಕನ್ನಡಕ ಹಾಕಿಕೊಂಡು ಓದಿದೆ. ಬಿಸಿನೀರು ತಾಗಿಸಬಾರದೆಂದು ಸ್ಪಷ್ಟವಾಗಿ ಬರೆದಿದ್ದರು. ಅಂದರೆ ಬಿಸಿನೀರು ತಾಗಿಸಿದರೆ ಕುಗ್ಗುತ್ತದೆ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು! 'ಡು ನಾಟ್ ಟಂಬಲ್' ಎಂದೂ ಇತ್ತು. ಈ ವಯಸ್ಸಿನಲ್ಲಿ ಉರುಳಾಡುವ ಉದ್ದೇಶ ನನಗೂ ಇರಲಿಲ್ಲ.

ಬೇಸಿಗೆಯಲ್ಲಿ ಸಂಡಿಗೆ ಹಿಟ್ಟು ಬೇಯಿಸುವ ದೊಡ್ಡ ಪಾತ್ರೆಯನ್ನು ಹಿತ್ತಲ ಒಲೆಯ ಮೇಲಿಟ್ಟು, ನೀರು ಕೊತಕೊತ ಕುದಿಯುವಾಗ ಪ್ಯಾಂಟನ್ನು ಬಿಟ್ಟೆ. ಮರದ ಸೌಟಿನಿಂದ ತಿರುವುತ್ತ ನಿಂತೆ. ಪಕ್ಕದ ಮನೆಯ ಪದ್ಮಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನ್ ರಾಜಮ್ಮ, ಈಗ್ಲೇ ಸಂಡಿಗೇನಾ?"

"ಇಲ್ಲ ಪದ್ಮಮ್ಮ, ಪ್ಯಾಂಟು."

ಅವರು ಒಂದು ಗಳಿಗೆ ಪಾತ್ರೆಯನ್ನೇ ನೋಡಿ, "ಉಪ್ಪು ಹಾಕಿದ್ರಾ?" ಎಂದರು.

"ಉಪ್ಪು ಯಾಕೆ?"

"ಬಣ್ಣ ಗಟ್ಟಿಯಾಗಿ ನಿಲ್ಲುತ್ತೆ."

ಒಳ್ಳೆಯ ಸಲಹೆ ಎನ್ನಿಸಿತು. ಒಂದು ಹಿಡಿ ಕಲ್ಲುಪ್ಪು ಹಾಕಿದೆ. ಬಣ್ಣ ಗಟ್ಟಿಯಾಗಿಯೇ ನಿಂತಿತು. ಆ ಕೆಂಪು ಮಚ್ಚೆಯದ್ದು!

ಪ್ಯಾಂಟು ಕುಗ್ಗಿತು. ಸೊಂಟ ಮೂವತ್ತಾರಕ್ಕೆ ಬಂದು ನಿಂತಿತು. ಗೆದ್ದೆ ಎಂದುಕೊಂಡು ಹಾಕಿಕೊಂಡರೆ, ಸೊಂಟದ ಜೊತೆಯಲ್ಲೇ ಕಾಲುಗಳೂ ಹೊರಟುಬಿಟ್ಟಿದ್ದವು. ಪಾದದ ಹತ್ತಿರ ಇರಬೇಕಾದ ಅಂಚು ಮೀನಖಂಡದ ಮೇಲಿತ್ತು.

"ಪ್ರವಾಹ ಬಂದ್ರೆ ಅನುಕೂಲ" ಎಂದರು ಯಜಮಾನರು.

ಬಟ್ಟೆಯ ಅಂಚು ಗಿಡ್ಡವಾದರೆ ನಮ್ಮ ಕಡೆ ಹೆಂಗಸರು ಹೆದರುವುದಿಲ್ಲ. ನೇರ ನಮ್ಮ ಕ್ರಾಸಿನ ತುದಿಯ ಫಾಲ್ಸ್ ಮತ್ತು ಜಿಗ್‌ಜಾಗ್ ಅಂಗಡಿಗೆ ಹೋದೆ. ಎಷ್ಟೋ ವರ್ಷಗಳಿಂದ ನನ್ನ ಸೀರೆಗಳಿಗೆಲ್ಲ ಫಾಲ್ಸ್ ಹೊಲಿದುಕೊಟ್ಟವಳು ಅಲ್ಲಿನ ಶಕುಂತಲ.

"ಯಾವ ಸೀರೆಗೆ ಅಮ್ಮ?"

ನಾನು ಪ್ಯಾಂಟನ್ನು ಟೇಬಲ್ಲಿನ ಮೇಲೆ ಬಿಚ್ಚಿ ಹರಡಿದೆ. ಶಕುಂತಲ ಅದನ್ನು ತಿರುವಿ ನೋಡಿದಳು. ಪಲ್ಲು ಹುಡುಕುತ್ತಿದ್ದಳೇನೋ.

"ಪ್ಯಾಂಟಿಗೆ ಫಾಲ್ಸಾ? ಇದಕ್ಕೇನಮ್ಮ, ನೆರಿಗೆ ನಿಲ್ಬೇಕಾ?"

"ನಿಲ್ಬೇಕಾದ್ದು ನಾನು ಕಣೇ. ಬೆಟ್ಟದ ಮೇಲೆ. ಮ್ಯಾಚಿಂಗ್ ಹಾಕು."

ಹಾಕಿದಳು. ಎರಡೂ ಕಾಲಿಗೆ ಆಲಿವ್ ಗ್ರೀನ್ ಫಾಲ್ಸ್, ಕತ್ತರಿಸದೆ ಸುತ್ತಿನ ಮೇಲೆ ಸುತ್ತಾಗಿ, ಸುತ್ತಲೂ ಜಿಗ್‌ಜಾಗ್. ಉದ್ದ ಸರಿಹೋಯಿತು. ಆದರೆ ಕುದಿದ ಬಟ್ಟೆಯಲ್ಲಿ ಜೀವವೇ ಉಳಿದಿರಲಿಲ್ಲ. ಒಲೆಯ ಪಕ್ಕದ ಮಸಿಬಟ್ಟೆಯ ಹಾಗೆ ಜೋತುಬಿದ್ದಿತ್ತು. ಇದಕ್ಕೂ ನನ್ನ ಹತ್ತಿರ ಮದ್ದಿತ್ತು. ಕಾಟನ್ ಸೀರೆ ಸೋತು ಹೋದರೆ ನಾವು ಏನು ಮಾಡುತ್ತೇವೆ? ಗಂಜಿ ಹಾಕುತ್ತೇವೆ. ಅನ್ನದ ಗಂಜಿಗೆ ಸ್ವಲ್ಪ ಸಬ್ಬಕ್ಕಿ ಸೇರಿಸಿ ಕಾಸಿದೆ. ಆರು ಗಜದ ಸೀರೆಗೆ ಎಷ್ಟು ಗಂಜಿ ಬೇಕೆಂದು ನನ್ನ ಕೈಗೆ ಗೊತ್ತು. ಅಷ್ಟನ್ನೂ ಪ್ಯಾಂಟಿಗೆ ಕುಡಿಸಿದೆ. ತಾರಸಿಯ ಉರಿಬಿಸಿಲಿನಲ್ಲಿ ಸಂಜೆಯವರೆಗೆ ಒಣಗಿಸಿದೆ.

ತಂತಿಯಿಂದ ತೆಗೆದರೆ ಮಡಚಲಾಗಲಿಲ್ಲ. ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದೆ. ನಿಂತಿತು! ಯಾವ ಆಧಾರವೂ ಇಲ್ಲದೆ, ಎರಡು ಕಾಲ ಮೇಲೆ, ಒಳಗೆ ಯಾರೋ ಇದ್ದಾರೆ ಎಂಬಷ್ಟು ಸ್ವಾಭಿಮಾನದಿಂದ ನಿಂತಿತು. ಬೆಳಗ್ಗೆ ಕನ್ನಡಕವಿಲ್ಲದೆ ಎದ್ದು ಬಂದ ಯಜಮಾನರು ಅದರ ಮುಂದೆ ನಿಂತು ಬಹಳ ಮರ್ಯಾದೆಯಿಂದ, "ಯಾರು ಬೇಕಾಗಿತ್ತು? ಕೂತ್ಕೊಳಿ" ಎಂದರು. ವಿಷಯ ತಿಳಿದ ಮೇಲೆ, "ನಿನ್ನ ಮೊಣಕಾಲಿಗೆ ತೊಂದರೆ ಯಾಕೆ? ಇದನ್ನೇ ಕಳಿಸ್ಬಿಡೇ. ಮೇಲೆ ಹೋಗಿ ಫೋಟೋ ತೆಗೆಸ್ಕೊಂಡು ಬರ್ಲಿ" ಎಂದರು.

ಹೊರಡುವ ದಿನ ವಿಮಲಳ ಹಾಗೆ ಚೆಕ್ಸ್ ಶರಟನ್ನು ಒಳಗೆ ಸೇರಿಸಿ, ಗಂಜಿಯೊಳಗೆ ಇಳಿದೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದುದರಿಂದ ಯಜಮಾನರೂ ಜೊತೆಗೆ ಬಂದರು. ದೇವಸ್ಥಾನಕ್ಕೆ ಹೋಗುವುದೆಂದು ಅವರು ಬಿಳಿ ಪಂಚೆ ಉಟ್ಟು, ಮೋಡ ನೋಡಿ ಛತ್ರಿ ಹಿಡಿದಿದ್ದರು. ಬಸ್ಸಿನಲ್ಲಿ ಮೊದಲ ಸಮಸ್ಯೆ ಎದುರಾಯಿತು. ಕೂರಬೇಕೆಂದರೆ ಮಂಡಿ ಮಡಚಬೇಕು. ನನ್ನ ಮಂಡಿ ಒಪ್ಪಿತ್ತು. ಗಂಜಿ ಒಪ್ಪಲಿಲ್ಲ. ಯಶವಂತಪುರದವರೆಗೆ ನಿಂತೇ ಬಂದೆ. ಆಮೇಲೆ ಎಲ್ಲರೂ ಸೇರಿ ನನ್ನನ್ನು ಹಿಂದಿನ ಸೀಟಿಗೆ ಕರ್ಟನ್ ರಾಡಿನಂತೆ ಅಡ್ಡಡ್ಡಲಾಗಿ ಒರಗಿಸಿದರು.

"ರಾಜಿ, ಕಂಫರ್ಟಬಲ್ಲಾ?" ಎಂದಳು ವಿಮಲ.

"ವೆರಿ" ಎಂದೆ, ಸೀಲಿಂಗ್ ನೋಡುತ್ತ.

ಶಿವಗಂಗೆಯಲ್ಲಿ ಮೆಟ್ಟಿಲು ಹತ್ತಲು ಶುರುಮಾಡಿದೆವು. ಜಾಮಿಟ್ರಿ ಬಾಕ್ಸಿನ ಕಂಪಾಸು ನಡೆಯುವುದನ್ನು ನೀವು ನೋಡಿದ್ದರೆ ನನ್ನ ನಡಿಗೆಯನ್ನು ವರ್ಣಿಸಬೇಕಾಗಿಲ್ಲ. ಒಂದೊಂದು ಹೆಜ್ಜೆಗೂ ಹಪ್ಪಳ ಮುರಿದ ಸದ್ದು. ಹಿಂದೆ ಬರುತ್ತಿದ್ದ ವಿಮಲ ವಿಷಲ್ ಬಾಯಿಂದ ತೆಗೆದು, "ಏ ರಾಜಿ, ಹಿಂದಿನವರಿಗೆ ಒಳ್ಳೇದಾಯ್ತು ಕಣೇ. ನೀನು ನಿಂತ ಕಡೆ ಬ್ರೇಕ್ ಲೈಟ್ ಕಾಣ್ಸುತ್ತೆ!" ಎಂದಳು. ನಾನು ಜೇಬಿನ ಮಚ್ಚೆಯ ಮೇಲೆ ಕೈ ಇಟ್ಟುಕೊಂಡು ಹತ್ತಿದೆ. ಆದರೆ ಹತ್ತಿದೆ! ದೇವಸ್ಥಾನ ದಾಟಿದೆ. ಅದರ ಮೇಲಿನ ಕಲ್ಲುಮಂಟಪಕ್ಕೂ ಬಂದೆ. "ನನ್ನದು ಇಲ್ಲಿಗೆ ಸಾಕು" ಎಂದು ಯಜಮಾನರು ಮಂಟಪದಲ್ಲಿ ಕೂತರು. ನಾನು ಮುಂದಿನ ಮೆಟ್ಟಿಲಿಗೆ ಕಾಲಿಟ್ಟೆ.

ಅಷ್ಟರಲ್ಲಿ ತುಂತುರು ಮಳೆ ಹಿಡಿಯಿತು. ಗಂಜಿ ಕರಗತೊಡಗಿತು. ಮೊದಲಿಗೆ ಸಂತೋಷವೇ ಆಯಿತು, ಮಂಡಿಗಳು ಬಿಡುಗಡೆಯಾದವಲ್ಲ ಎಂದು. ಆಮೇಲೆ ಪ್ಯಾಂಟು ಅಂಟತೊಡಗಿತು. ಆಮೇಲೆ ನನ್ನಿಂದ ಬಿಸಿ ಅನ್ನದ ವಾಸನೆ ಹೊರಟಿತು. ಬೆಟ್ಟದ ಕೋತಿಗಳಿಗೆ ಸೌತೆಕಾಯಿ, ಬಾಳೆಹಣ್ಣು ತಂದವರು ಗೊತ್ತು. ಮೈಗೆಲ್ಲ ಗಂಜಿ ಮೆತ್ತಿಕೊಂಡು ತಾನೇ ಹತ್ತಿ ಬಂದ ಊಟವನ್ನು ಅವು ಕಂಡಿರಲಿಲ್ಲ! ದೊಡ್ಡದೊಂದು ಬಂದು ನನ್ನ ಕಾಲಿನ ಅಂಚನ್ನು ನೆಕ್ಕಿತು. ತಲೆದೂಗಿತು. ಹಿಂದಿರುಗಿ ತನ್ನವರನ್ನು ನೋಡಿತು. ಉಳಿದವೂ ಇಳಿದು ಬಂದವು.

"ಶೂ! ಗೋ ಅವೇ!" ಎಂದೆ. ಗಾಬರಿಯಾದಾಗ ನನ್ನ ಬಾಯಿಂದ ಕಾನ್ವೆಂಟೇ ಹೊರಡುತ್ತದೆ.

ಕೋತಿ ಫಾಲ್ಸಿನ ತುದಿ ಹಿಡಿದು ಎಳೆಯಿತು. ಜಿಗ್‌ಜಾಗ್ ಬಿಚ್ಚಿಕೊಂಡಿತು. ಸೀರೆಯ ಫಾಲ್ಸ್ ಎಷ್ಟು ಉದ್ದವಿರುತ್ತದೆಂದು ಹೆಂಗಸರಿಗೆ ಗೊತ್ತು, ಕೋತಿಗೆ ಅಂದು ಗೊತ್ತಾಯಿತು. ಅದು ಆ ಕಡೆ ಎಳೆಯಿತು, ನಾನು ಒಂದು ಕಾಲನ್ನು ಮೇಲಿನ ಮೆಟ್ಟಿಲಿಗೆ ಊರಿ, ಬಗ್ಗಿ ಈ ಕಡೆ ಎಳೆದೆ.

ಚರ್ರ್!

ನ್ಯಾಯವಾಗಿ ಹೇಳಬೇಕು: ಬಟ್ಟೆ ಹರಿಯಲಿಲ್ಲ. ಅಂಗಡಿಯ ಹುಡುಗಿಯ ಮಾತು ಸತ್ಯವಾಗಿತ್ತು. ನಾನು ಕುದಿಸಿ ಕೊಂದಿದ್ದ ನೂಲು ಹರಿಯಿತು. ಹಿಂದಿನ ಹೊಲಿಗೆ ಸೊಂಟದಲ್ಲಿ ಶುರುವಾಗಿ, ನಿಲ್ಲಬೇಕಾದ ಕಡೆ ನಿಲ್ಲದೆ ಮುಂದುವರಿಯಿತು. ನಾನು ಮೆಟ್ಟಿಲ ಪಕ್ಕದ ಬಂಡೆಗೆ ಬೆನ್ನು ಹಚ್ಚಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಇಳಿದು, ಮಂಟಪದ ಕಟ್ಟೆಯ ಮೇಲೆ ಕೂತುಬಿಟ್ಟೆ.

"ರಾಜಿ, ಏಳೇ. ಇನ್ನು ಸ್ವಲ್ಪಾನೇ ಇರೋದು" ಎಂದಳು ವಿಮಲ.

"ಆಗಲ್ಲ ಕಣೇ."

"ಯಾಕೆ? ಮಂಡೀನಾ?"

"ಮಂಡಿಗಿಂತ ಮೇಲೆ." ಆಮೇಲೆ ನನ್ನ ಬಾಯಿಂದ ತಾನಾಗಿಯೇ ಹೊರಟಿತು: "ನೀವೆಲ್ಲ ಹೋಗಿಬನ್ನಿ. ನಾನು ಬ್ಯಾಗ್ ನೋಡ್ಕೋತೀನಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೇ ಬ್ಯಾಗುಗಳನ್ನು ತಂದು ನನ್ನ ಪಕ್ಕದಲ್ಲಿಟ್ಟರು. ನಾನು ಬೆಟ್ಟದ ತುದಿಯ ಕಡೆ ನೋಡದೆ ಒಂದು ಬ್ಯಾಗಿನ ಜಿಪ್ಪನ್ನು ಸುಮ್ಮನೆ ಎಳೆಯುತ್ತ, ಹಾಕುತ್ತ ಕೂತೆ.

ಯಜಮಾನರು ನನ್ನನ್ನು ನೋಡಿದರು. ಬೆಟ್ಟವನ್ನು ನೋಡಿದರು. ಫಾಲ್ಸನ್ನು ಕೊರಳಿಗೆ ಸುತ್ತಿಕೊಂಡು ಹೊರಟಿದ್ದ ಕೋತಿಯನ್ನು ನೋಡಿದರು. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಎಲ್ಲರೂ ಸ್ವಲ್ಪ ಆ ಕಡೆ ತಿರುಗ್ರಮ್ಮ."

ಕಂಬದ ಹಿಂದೆ ಹೋದರು. ಅಲ್ಲಿಂದ ಬಿಳಿ ಪಂಚೆ ಹಾರಿ ಬಂದು ನನ್ನ ತಲೆಯ ಮೇಲೆ ಬಿತ್ತು.

"ರೀ! ನಿಮಗೆ?"

"ಪಟ್ಟಾಪಟ್ಟಿ ಚಡ್ಡಿ ಇದೆ. ಛತ್ರಿ ಇದೆ. ಬ್ಯಾಗು ನಾನು ನೋಡ್ಕೋತೀನಿ. ಹೋಗೇ!"

ಪಂಚೆಯನ್ನು ಪ್ಯಾಂಟಿನ ಅವಶೇಷಗಳ ಮೇಲೆ ಸುತ್ತಿ, ಗಂಡಸರಂತೆ ಮಂಡಿಯವರೆಗೆ ಎತ್ತಿಕಟ್ಟಿ ನಿಂತೆ. ವಿಮಲ ವಿಷಲ್ ಎತ್ತಿದಳು. "ವಿಮಲಾ, ನಿನ್ನ ರೂಲ್ ಇರೋದು ಸೀರೆಗೆ. ಪಂಚೆ ವಿಷಯ ಅದರಲ್ಲಿ ಏನೂ ಇಲ್ಲ" ಎಂದೆ. ಅವಳು ಸ್ವಲ್ಪ ಯೋಚಿಸಿ, ವಿಷಲ್ ಊದಿ, ಕೈ ತೋರಿಸಿದಳು. ಮೇಲಕ್ಕೆ!

ಹತ್ತಿದೆ. ಕಂಬಿ ಹಿಡಿದು, ದೇವರ ಹೆಸರು ಹೇಳಿ, ನಡುನಡುವೆ ಕೂತು, ಹತ್ತಿಯೇಬಿಟ್ಟೆ. ತುದಿಯಲ್ಲಿ ಮಳೆ ನಿಂತಿತ್ತು. ಮಂಜು ಸರಿಯಿತು. ಕೆಳಗೆ ಕೆರೆಗಳು, ಹೊಲಗಳು, ಯಾರೋ ಬೀಳಿಸಿಕೊಂಡ ದಾರದಂತೆ ರಸ್ತೆ. ಅವರೆಲ್ಲ ಕೆಳಗಿಳಿದು ಬಂದು ಹೇಳುತ್ತಿದ್ದುದರಲ್ಲಿ ಒಂದು ಮಾತೂ ಸುಳ್ಳಲ್ಲ. ಈ ಸಂದರ್ಭಕ್ಕೆಂದೇ ನಾನು ಬಹಳ ದಿನಗಳಿಂದ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಭಾಷಣ ಸಿದ್ಧಮಾಡಿಕೊಂಡಿದ್ದೆ. ಸೊಂಟದ ಮೇಲೆ ಕೈ ಇಟ್ಟು, "ಮೈ ಡಿಯರ್ ಫ್ರೆಂಡ್ಸ್" ಎಂದೆ. ಫೋನ್ ಹೊಡೆದುಕೊಂಡಿತು.

"ರೀ! ಹತ್ಬಿಟ್ಟೆ ರೀ! ಟಾಪ್‌ನಲ್ಲಿದೀನಿ! ಏನ್ ವ್ಯೂ ಅಂತೀರಾ!"

"ವ್ಯೂ ಇಲ್ಲೂ ಇದೆ ಕಣೇ." ಧ್ವನಿ ಬಹಳ ಕೆಳಗಿತ್ತು. "ಯಾವುದೋ ಲೇಡೀಸ್ ಕಾಲೇಜಿನ ಟೂರ್ ಬಂದಿದೆ. ಎಲ್ಲರೂ ನೆನೆದುಕೊಂಡು ಬಂದು ಇದೇ ಮಂಟಪದಲ್ಲಿ ಕೂತಿದಾರೆ. ಇಲ್ಲಿನ್ನೂ ಮಳೆ ಹನೀತಿದೆ, ಒಬ್ಬಳು ಛತ್ರಿ ಕೇಳ್ತಿದಾಳೆ!"

"ಕೊಡಬೇಡಿ ರೀ!"

"'ಐದೇ ನಿಮಿಷ ಅಂಕಲ್' ಅಂತ ಕೈ ಹಾಕಿದಾಳೆ. ಬೇಗ ಬಾರೇ!"

ಹಿಮಾಲಯ ಹತ್ತಿದವರು ತುದಿಯಲ್ಲಿ ಧ್ವಜ ನೆಟ್ಟು ಬರುತ್ತಾರಂತೆ. ನಾನು ಉಟ್ಟಿದ್ದ ಧ್ವಜವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಅದರ ಯಜಮಾನರಿಗೆ ತಲುಪಿಸಲು ಒಂದೇ ಉಸಿರಿಗೆ ಕೆಳಗೆ ಓಡಿದೆ.